ವಾರದ ರಜೆ ತಂದುಕೊಟ್ಟ ಲೋಖಂಡೆಯವರು

ಮಕ್ಕಳೇ, ವಾರದ ಏಳು ದಿನಗಳಲ್ಲಿ ನಿಮಗೆ ಯಾವ ದಿನ ಬಹಳ ಇಷ್ಟ? ನಿಮ್ಮಲ್ಲಿ ಹೆಚ್ಚಿನವರು ರವಿವಾರ ಎಂದೇ ಹೇಳುವಿರಿ. ಅಂದು ಶಾಲೆಯ ಗಂಟೆ ಬಾರಿಸುವುದಿಲ್ಲ. ಆಟಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಕಚೇರಿಗೆ ಹೋಗುವ ಹಿರಿಯರು ಮನೆಯಲ್ಲಿರುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವವರಿಗೂ ವಾರದಲ್ಲಿ ಒಂದು ದಿನ ಬಿಡುವು ಇರುತ್ತದೆ. ಆರು ದಿನ ದುಡಿದವರು ಏಳನೆಯ ದಿನ ದಣಿವಾರಿಸಿಕೊಳ್ಳಬೇಕು ಎಂಬುದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಈ ರಜೆ ತಾನಾಗಿಯೇ ಬಂದುದಲ್ಲ. ನಮ್ಮ ದೇಶದ ಕಾರ್ಮಿಕರು ಅದನ್ನು ಕೇಳಿ, ಕಾದು, ಹೋರಾಡಿ ಪಡೆದುಕೊಂಡರು. ಅವರ ಮುಂದಾಳಾಗಿ ನಿಂತವರು ನಾರಾಯಣ ಮೇಘಾಜಿ ಲೋಖಂಡೆಯವರು. ಭಾರತದ ಕಾರ್ಮಿಕ ಚಳವಳಿಯ ಜನಕ ಎಂದು ಅವರನ್ನು ಗೌರವದಿಂದ ನೆನೆಯುತ್ತಾರೆ. ಬನ್ನಿ, ಅವರ ಜೀವನವನ್ನು ತಿಳಿದುಕೊಳ್ಳೋಣ.

ನಾರಾಯಣರಾವ್ ಹುಟ್ಟಿದ್ದು 1848ರಲ್ಲಿ, ಠಾಣೆಯಲ್ಲಿ. ಅವರ ಪೂರ್ವಜರ ಊರು ಪುಣೆ ಜಿಲ್ಲೆಯ ಕನ್ಹೇರಸರ. ಅವರದು ಮಾಳಿ ಸಮಾಜದ ಬಡ ಕುಟುಂಬ. ಮಾಳಿಗರೆಂದರೆ ತೋಟ ಮಾಡಿ ಹೂವು, ತರಕಾರಿ ಬೆಳೆಯುವವರು. ಬಾಲಕ ನಾರಾಯಣನಿಗೆ ಓದಿನಲ್ಲಿ ಆಸಕ್ತಿ ಇತ್ತು. ಆದರೆ ಮನೆಯ ಬಡತನದಿಂದಾಗಿ ಓದು ಬಹಳ ಮುಂದುವರಿಯಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ನೌಕರಿ ಹುಡುಕಬೇಕಾಯಿತು. ಮೊದಲು ರೈಲ್ವೆಯಲ್ಲಿ ಕೆಲಸ ಮಾಡಿದರು. ಆಮೇಲೆ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದರು. ಕೊನೆಗೆ ಮುಂಬಯಿಯ ಮಾಂಡವಿ ಗಿರಣಿಯಲ್ಲಿ ಉಗ್ರಾಣದ ಲೆಕ್ಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು.

ಈ ಗಿರಣಿಯ ನೌಕರಿಯೇ ಅವರ ಬದುಕಿನ ದಾರಿಯನ್ನು ಬದಲಿಸಿತು. ಆಗಿನ ಗಿರಣಿಗಳು ಹೇಗಿದ್ದವು ಎಂಬುದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಕಾವಸಜಿ ನಾನಾಭಾಯಿ ದಾವರ್ ಅವರು 1854ರಲ್ಲಿ ಸ್ಥಾಪಿಸಿದರು. ಆಮೇಲೆ ಒಂದರ ಹಿಂದೆ ಒಂದರಂತೆ ಗಿರಣಿಗಳು ತಲೆ ಎತ್ತಿದವು. ನಮ್ಮ ಸೋಲಾಪುರದಲ್ಲಿಯೂ 1877ರಲ್ಲಿ ನೂಲು ಮತ್ತು ಬಟ್ಟೆಯ ಗಿರಣಿ ಕೆಲಸ ಆರಂಭಿಸಿತು. ಮರಾಠಿ, ಕನ್ನಡ, ತೆಲುಗು ಮಾತನಾಡುವ ಜನರು ಸೋಲಾಪುರದ ಗಿರಣಿಗಳಲ್ಲಿ ಒಟ್ಟಿಗೆ ದುಡಿದರು. ಮುಂಬಯಿಗೆ ಕೊಂಕಣದಿಂದಲೂ ಘಟ್ಟದ ಮೇಲಿನ ಹಳ್ಳಿಗಳಿಂದಲೂ ಸಾವಿರಾರು ಜನರು ಹೊಟ್ಟೆಪಾಡಿಗಾಗಿ ಬಂದರು.

ಗಿರಣಿಯ ಕೆಲಸ ಬೆಳಕು ಹರಿಯುವಾಗ ಆರಂಭವಾಗುತ್ತಿತ್ತು. ಸೂರ್ಯ ಮುಳುಗುವವರೆಗೆ ಯಂತ್ರಗಳು ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಹಗಲು ದೊಡ್ಡದು. ಆದುದರಿಂದ ಆಗ ಕೆಲಸದ ಸಮಯವೂ 13-14 ಗಂಟೆಗಳಷ್ಟು ಬೆಳೆಯುತ್ತಿತ್ತು. ಊಟಕ್ಕೆಂದು ಯಂತ್ರ ನಿಲ್ಲಿಸುವ ಪದ್ಧತಿ ಇರಲಿಲ್ಲ. ಕೆಲಸಗಾರರು ಒಂದು ಕಣ್ಣು ಯಂತ್ರದ ಮೇಲಿಟ್ಟು ಬುತ್ತಿ ತಿನ್ನುತ್ತಿದ್ದರು. ಒಳಗೆ ಸೆಕೆ, ಕಿವಿ ಕಿವುಡಾಗುವಂತಹ ಸದ್ದು, ಗಾಳಿಯ ತುಂಬ ಹತ್ತಿಯ ಎಳೆ. ಉಸಿರು ಎಳೆದರೆ ಹತ್ತಿಯ ಧೂಳು ಎದೆಗೆ ಇಳಿಯುತ್ತಿತ್ತು. ಯಂತ್ರಕ್ಕೆ ಕೈ ಸಿಕ್ಕಿ ಗಾಯವಾದರೆ ಮನೆಗೆ ಹೋಗಬೇಕು. ಮನೆಯಲ್ಲಿದ್ದ ದಿನಗಳಿಗೆ ಸಂಬಳವಿಲ್ಲ. ದುಡಿದ ತಿಂಗಳ ಸಂಬಳವೂ ಸಮಯಕ್ಕೆ ಸರಿಯಾಗಿ ಕೈಸೇರುತ್ತಿರಲಿಲ್ಲ. ಅಲ್ಲಿಯವರೆಗೆ ಮನೆಯ ಖರ್ಚಿಗೆ ಸಾಲವೇ ಗತಿ.

ಇನ್ನು ರಜೆಯ ಮಾತು. ಸರಕಾರಿ ಕಚೇರಿಗಳಿಗೆ ಆಗಲೇ ರವಿವಾರ ರಜೆ ಇತ್ತು. ಗಿರಣಿಯ ಕೆಲಸಗಾರರಿಗೆ ಇರಲಿಲ್ಲ. ದೊಡ್ಡ ಹಬ್ಬಗಳಂದು ಮಾತ್ರ ಗಿರಣಿಗೆ ಬಿಡುವು. ಕೆಲವು ಗಿರಣಿಗಳು ರವಿವಾರ ಯಂತ್ರ ನಿಲ್ಲಿಸುತ್ತಿದ್ದುದೂ ಉಂಟು. ಆದರೆ ಅಂದು ಕೂಡ ಕೆಲಸಗಾರರು ಬಂದು ಯಂತ್ರಗಳನ್ನು ಒರೆಸಿ ಸ್ವಚ್ಛಗೊಳಿಸಬೇಕಾಗಿತ್ತು. ಹೀಗಾಗಿ ಯಂತ್ರಕ್ಕೆ ವಿಶ್ರಾಂತಿ ಸಿಕ್ಕರೂ ಮನುಷ್ಯನಿಗೆ ಸಿಗುತ್ತಿರಲಿಲ್ಲ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ನಿಮ್ಮ ವಯಸ್ಸಿನ ಮಕ್ಕಳು, ನಿಮಗಿಂತ ಚಿಕ್ಕವರು ಕೂಡ ಗಿರಣಿಯಲ್ಲಿ ದುಡಿಯುತ್ತಿದ್ದರು. ಸೊರಾಬಜಿ ಶಾಪುರಜಿ ಬೆಂಗಾಲಿ ಎಂಬ ಸಮಾಜ ಸುಧಾರಕರು ಇದಕ್ಕೆ ಕಾನೂನಿನ ಕಡಿವಾಣ ಬೇಕೆಂದು ಪ್ರಯತ್ನಿಸಿದರು. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಏಳರಿಂದ ಹನ್ನೆರಡು ವರ್ಷದ ಮಕ್ಕಳಿಂದ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ಅದು ಹೇಳಿತು. ಅಂದರೆ ಏಳು ವರ್ಷದ ಮಗು 9 ಗಂಟೆ ದುಡಿಯುವುದು ಆಗ ಕಾನೂನಿಗೆ ಸರಿಯಾಗಿಯೇ ಇತ್ತು! ದೊಡ್ಡವರ ವಿಷಯದಲ್ಲಿ ಆ ಕಾಯ್ದೆ ಕೆಲಸದ ಗಂಟೆಗಳ ಮಿತಿಯನ್ನೂ ಹೇಳಲಿಲ್ಲ, ವಾರದ ರಜೆಯನ್ನೂ ಕೊಡಲಿಲ್ಲ.

ಉಗ್ರಾಣದಲ್ಲಿ ಕುಳಿತ ಲೋಖಂಡೆಯವರು ಇದನ್ನೆಲ್ಲ ದಿನವೂ ನೋಡುತ್ತಿದ್ದರು. ಅವರಿಗೆ ಸ್ವಂತ ನೌಕರಿ ಇತ್ತು, ನೆರಳಿತ್ತು, ಕೂರಲು ಜಾಗವಿತ್ತು. ತಮ್ಮ ಪಾಡಿಗೆ ತಾವು ಇರಬಹುದಾಗಿತ್ತು. ಆದರೆ ಅವರ ಮನಸ್ಸು ಒಪ್ಪಲಿಲ್ಲ. ಮಹಾತ್ಮಾ ಜೋತಿಬಾ ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜವನ್ನು ಕಟ್ಟಿದ್ದರು. ಮನುಷ್ಯರೆಲ್ಲರೂ ಸಮಾನರು, ದುಡಿಯುವವರಿಗೆ ಗೌರವ ಸಿಗಬೇಕು ಎಂಬುದು ಆ ಸಮಾಜದ ತಿಳಿವಳಿಕೆ. ಲೋಖಂಡೆಯವರು ಫುಲೆಯವರ ಅನುಯಾಯಿಗಳಾದರು. ಗುರುವಿನ ವಿಚಾರವನ್ನು ಶಿಷ್ಯರು ಗಿರಣಿಯ ಅಂಗಳಕ್ಕೆ ಕೊಂಡೊಯ್ದರು.

ಜನರಿಗೆ ತಿಳಿವಳಿಕೆ ಕೊಡಲು ಪತ್ರಿಕೆ ಬೇಕು. ಕೃಷ್ಣರಾವ್ ಭಾಲೇಕರ್ ಅವರು 1877ರಲ್ಲಿ ಪುಣೆಯಲ್ಲಿ ದೀನಬಂಧು ಎಂಬ ಮರಾಠಿ ವಾರಪತ್ರಿಕೆಯನ್ನು ಆರಂಭಿಸಿದ್ದರು. ಹಣದ ಅಡಚಣೆಯಿಂದ ಅದನ್ನು ನಡೆಸುವುದು ಕಷ್ಟವಾಯಿತು. 1880ರಲ್ಲಿ ಲೋಖಂಡೆಯವರು ಅದರ ಭಾರವನ್ನು ಹೊತ್ತು ಅದನ್ನು ಮುಂಬಯಿಗೆ ತಂದರು. ದೀನಬಂಧು ಎಂದರೆ ಬಡವರ ಬಂಧು. ಹೆಸರಿಗೆ ತಕ್ಕಂತೆ ಆ ಪತ್ರಿಕೆ ರೈತರ ಮತ್ತು ಕಾರ್ಮಿಕರ ಕಷ್ಟಗಳನ್ನು ಬರೆಯಿತು. ಓದಲು ಬಾರದ ಕೆಲಸಗಾರರೇ ಬಹಳ. ಅವರಿಗಾಗಿ ಲೋಖಂಡೆಯವರು ಊರಿನ ಬಯಲುಗಳಲ್ಲಿ ಸಭೆಗಳನ್ನು ಕರೆದು ಮಾತನಾಡಿದರು.

1884ರಲ್ಲಿ ಅವರು ಮುಂಬಯಿಯಲ್ಲಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದರು. ಈಗಿನ ಸಂಘಗಳಂತೆ ಅದಕ್ಕೆ ಸದಸ್ಯರ ಪಟ್ಟಿ ಇರಲಿಲ್ಲ. ವಂತಿಗೆ ಹಣ ಇರಲಿಲ್ಲ. ಬರೆದಿಟ್ಟ ನಿಯಮಗಳೂ ಇರಲಿಲ್ಲ. ಆದರೂ ಭಾರತದಲ್ಲಿ ಕಾರ್ಮಿಕರ ಪರವಾಗಿ ಮಾತನಾಡಿದ ಮೊದಲ ಸಂಘ ಎಂಬ ಗೌರವ ಅದಕ್ಕೆ ಸಲ್ಲುತ್ತದೆ. ಆ ವರ್ಷ ಸರಕಾರವು ಕಾರ್ಖಾನೆಗಳ ಸ್ಥಿತಿಯನ್ನು ವಿಚಾರಿಸಲು ಒಂದು ಆಯೋಗವನ್ನು ನೇಮಿಸಿತ್ತು. ಇದೇ ಸರಿಯಾದ ಸಮಯ ಎಂದು ಲೋಖಂಡೆಯವರು ಕೆಲಸಗಾರರನ್ನು ಸೇರಿಸಿದರು. ಒಂದು ಮನವಿ ಸಿದ್ಧವಾಯಿತು. ಸುಮಾರು 5,500 ಕಾರ್ಮಿಕರು ಅದನ್ನು ಒಪ್ಪಿ ತಮ್ಮ ಹೆಸರು ಕೊಟ್ಟರು.

ಆ ಮನವಿಯಲ್ಲಿ ಏನಿತ್ತು ಗೊತ್ತೇ? ಐದು ಬೇಡಿಕೆಗಳಿದ್ದವು. ಮೊದಲನೆಯದು, ರವಿವಾರ ಎಲ್ಲರಿಗೂ ಪೂರ್ಣ ರಜೆ ಬೇಕು. ಎರಡನೆಯದು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ಮೂರನೆಯದು, ಗಿರಣಿಯ ಕೆಲಸ ಬೆಳಗಿನ ಆರೂವರೆಗೆ ಆರಂಭವಾಗಿ ಸೂರ್ಯಾಸ್ತಕ್ಕೆ ನಿಲ್ಲಬೇಕು. ನಾಲ್ಕನೆಯದು, ಒಂದು ತಿಂಗಳ ಸಂಬಳವು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕೈಸೇರಬೇಕು. ಐದನೆಯದು, ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಸಂಬಳ ಸಿಗಬೇಕು, ಅಂಗವಿಕಲರಾದರೆ ಅವರ ಜೀವನಕ್ಕೆ ಏರ್ಪಾಡು ಆಗಬೇಕು.

ಮಕ್ಕಳೇ, ಈ ಬೇಡಿಕೆಗಳನ್ನು ಇನ್ನೊಮ್ಮೆ ಓದಿರಿ. ಇವುಗಳಲ್ಲಿ ಅತಿಯಾಸೆ ಎಲ್ಲಿಯಾದರೂ ಇದೆಯೇ? ದುಡಿಯುವುದಿಲ್ಲ ಎಂದು ಅವರು ಹೇಳಲಿಲ್ಲ. ದುಡಿಯುವ ಮನುಷ್ಯನಿಗೆ ಉಣ್ಣಲು, ಮಲಗಲು, ಮಕ್ಕಳ ಮುಖ ನೋಡಲು ಸಮಯ ಬೇಕು ಎಂದಷ್ಟೇ ಕೇಳಿದರು. ರವಿವಾರವನ್ನು ಕೇಳಿದ್ದು ಕೂಡ ಅವರ ಬದುಕಿಗೆ ಹೊಂದುವಂತಿತ್ತು. ರವಿವಾರ ಜೇಜುರಿಯ ಖಂಡೋಬಾ ದೇವರ ವಾರ. ಕನ್ನಡಿಗರಾದ ನಾವು ಖಂಡೋಬಾನನ್ನು ಮೈಲಾರಲಿಂಗ ಎಂದು ಪೂಜಿಸುತ್ತೇವೆ.

ಆದರೆ ಬೇಡಿಕೆ ಸಣ್ಣದಾದರೂ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಕೆಲಸದ ಸಮಯ ಕಡಿಮೆಯಾದರೆ ಬಟ್ಟೆಯ ಖರ್ಚು ಹೆಚ್ಚುತ್ತದೆ ಎಂದು ಮಾಲೀಕರು ವಾದಿಸಿದರು. ಅವರ ವಾದಕ್ಕೆ ಇನ್ನೊಂದು ಬಲವೂ ಇತ್ತು. ಆಗ ಇಂಗ್ಲೆಂಡಿನ ಲ್ಯಾಂಕಶೈರ್ ಎಂಬ ಸೀಮೆಯ ಗಿರಣಿ ಮಾಲೀಕರು ಭಾರತದಲ್ಲಿ ಕಾರ್ಖಾನೆ ಕಾಯ್ದೆ ಬರಲಿ ಎಂದು ಒತ್ತಾಯಿಸುತ್ತಿದ್ದರು. ಅವರಿಗೆ ನಮ್ಮ ಕೆಲಸಗಾರರ ಮೇಲಿನ ಕರುಣೆಗಿಂತ ತಮ್ಮ ಬಟ್ಟೆಯ ವ್ಯಾಪಾರದ ಚಿಂತೆಯೇ ಹೆಚ್ಚಾಗಿತ್ತು. ಇದರಿಂದ ನಮ್ಮ ದೇಶದ ಹಲವು ಪತ್ರಿಕೆಗಳು ಕಾಯ್ದೆಯನ್ನು ವಿರೋಧಿಸಿದವು. ಕಾಯ್ದೆ ಬಂದರೆ ದೇಶದ ಉದ್ದಿಮೆ ಕುಸಿಯುತ್ತದೆ ಎಂದು ಅವು ಹೆದರಿದವು. ಲೋಖಂಡೆಯವರ ಸ್ಥಿತಿ ಇಕ್ಕಟ್ಟಿನದಾಗಿತ್ತು. ಆದರೆ ಅವರು ನೋಡಿದ್ದು ಗಿರಣಿಯೊಳಗೆ ನಿಂತ ಮನುಷ್ಯನನ್ನು. ದೇಶದ ಉದ್ದಿಮೆ ಬೆಳೆಯಬೇಕು, ಆದರೆ ಕೆಲಸಗಾರನ ಆಯುಷ್ಯವನ್ನು ತಿಂದು ಬೆಳೆಯಬಾರದು ಎಂಬ ನಿಲುವನ್ನು ಅವರು ಬಿಡಲಿಲ್ಲ.

ಐದು ವರ್ಷಗಳು ಕಳೆದವು. ಹೊಸ ಕಾಯ್ದೆ ಬರಲಿಲ್ಲ. ಲೋಖಂಡೆಯವರು ಬೇಸರಗೊಂಡು ಕೈಕಟ್ಟಿ ಕೂರಲಿಲ್ಲ. ಸಭೆಯ ಮೇಲೆ ಸಭೆ ನಡೆಸಿದರು, ಮನವಿಯ ಮೇಲೆ ಮನವಿ ಕಳಿಸಿದರು. 1890ರ ಏಪ್ರಿಲ್ 24ರಂದು ಮುಂಬಯಿಯ ಮಹಾಲಕ್ಷ್ಮಿಯ ಕುದುರೆ ಓಟದ ಬಯಲಿನಲ್ಲಿ ಒಂದು ದೊಡ್ಡ ಸಭೆ ಸೇರಿತು. ಸುಮಾರು 10,000 ಕಾರ್ಮಿಕರು ಬಂದಿದ್ದರು. ಹೆಂಗಸರೂ ಬಂದಿದ್ದರು. ಅವರಲ್ಲಿ ಇಬ್ಬರು ಹೆಂಗಸರು ಎದ್ದು ನಿಂತು ಎಲ್ಲರ ಮುಂದೆ ಮಾತನಾಡಿದರು. ಹೆಣ್ಣುಮಕ್ಕಳು ಸಾರ್ವಜನಿಕ ಸಭೆಯಲ್ಲಿ ಬಾಯಿ ತೆರೆಯುವುದೇ ಅಪರೂಪವಾಗಿದ್ದ ಕಾಲ ಅದು. ವಾರದ ರಜೆ ಕೊಡಬೇಕೆಂಬ ಮನವಿಯನ್ನು ಅಲ್ಲಿಂದ ಗಿರಣಿ ಮಾಲೀಕರ ಸಂಘಕ್ಕೆ ಕಳಿಸಲಾಯಿತು.

ಈ ಬಾರಿ ಮಾಲೀಕರು ಕಿವಿಗೊಟ್ಟರು. 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರ ಸಂಘವು ರವಿವಾರದ ರಜೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸರಕಾರವು ಮತ್ತೊಂದು ಆಯೋಗವನ್ನು ನೇಮಿಸಿತು. ಕಾರ್ಮಿಕರ ನಿಜವಾದ ಸ್ಥಿತಿಯನ್ನು ಅದರ ಮುಂದೆ ಇಡುವ ಕೆಲಸದಲ್ಲಿ ಲೋಖಂಡೆಯವರು ಪಾಲ್ಗೊಂಡರು. ಮರುವರ್ಷ, ಅಂದರೆ 1891ರಲ್ಲಿ, ಹೊಸ ಕಾರ್ಖಾನೆ ಕಾಯ್ದೆ ಬಂದಿತು. ಕಾರ್ಖಾನೆಯ ಕೆಲಸಗಾರರಿಗೆ ವಾರದಲ್ಲಿ ಒಂದು ದಿನ ರಜೆ ಮತ್ತು ಮಧ್ಯಾಹ್ನ ಅರ್ಧ ಗಂಟೆ ಬಿಡುವು ಸಿಕ್ಕವು. ಹೆಂಗಸರಿಂದ ದಿನಕ್ಕೆ 11 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಾಯಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಬಾರದು, ಒಂಬತ್ತರಿಂದ ಹದಿನಾಲ್ಕು ವರ್ಷದವರಿಗೆ 7 ಗಂಟೆಯೇ ಮಿತಿ ಎಂದಾಯಿತು. ಗಂಡಸರ ಕೆಲಸದ ಗಂಟೆಗಳಿಗೆ ಮಾತ್ರ ಆಗಲೂ ಮಿತಿ ಬರಲಿಲ್ಲ. ಕೇಳಿದುದೆಲ್ಲವೂ ಒಮ್ಮೆಗೇ ಸಿಗಲಿಲ್ಲ. ಆದರೆ ಮೊದಲ ಬಾಗಿಲು ತೆರೆಯಿತು.

ಲೋಖಂಡೆಯವರ ಕೆಲಸ ಗಿರಣಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಆ ಕಾಲದಲ್ಲಿ ಕೆಲವು ಸಮಾಜಗಳಲ್ಲಿ ಗಂಡ ತೀರಿಕೊಂಡ ಹೆಣ್ಣುಮಕ್ಕಳ ತಲೆ ಬೋಳಿಸುವ ಕ್ರೂರ ಪದ್ಧತಿ ಇತ್ತು. ಇದನ್ನು ನಿಲ್ಲಿಸುವುದು ಹೇಗೆ? ಲೋಖಂಡೆಯವರು ಕ್ಷೌರಿಕರ ಸಭೆ ಕರೆದರು. ಇಂತಹ ಪಾಪದ ಕೆಲಸಕ್ಕೆ ಇನ್ನು ಮೇಲೆ ಕತ್ತಿ ಹಿಡಿಯುವುದಿಲ್ಲ ಎಂದು ಮುಂಬಯಿಯ ನೂರಾರು ಕ್ಷೌರಿಕರು ನಿಶ್ಚಯಿಸಿದರು. ದುಡಿಯುವ ಜನರು ಒಗ್ಗಟ್ಟಾದರೆ ತಮ್ಮ ಕಷ್ಟವನ್ನಷ್ಟೇ ಅಲ್ಲ, ಇತರರ ಕಷ್ಟವನ್ನೂ ದೂರ ಮಾಡಬಲ್ಲರು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ದಂಗೆ ನಡೆಯಿತು. ನಿನ್ನೆಯವರೆಗೆ ಒಂದೇ ಗಿರಣಿಯಲ್ಲಿ ದುಡಿದವರು ಒಬ್ಬರಿಗೊಬ್ಬರು ಹೆದರುವಂತಾಯಿತು. ಆಗ ಲೋಖಂಡೆಯವರು ಎರಡೂ ಸಮಾಜಗಳ ಜನರನ್ನು ಒಂದೆಡೆ ಕೂಡಿಸಿ ಶಾಂತಿ ಸಭೆ ನಡೆಸಿದರು. ಅವರ ಸೇವೆಯನ್ನು ಮೆಚ್ಚಿ ಸರಕಾರವು ರಾವಬಹಾದ್ದೂರ್ ಎಂಬ ಬಿರುದನ್ನು ನೀಡಿತು.

1896ರಲ್ಲಿ ಮುಂಬಯಿಗೆ ಪ್ಲೇಗ್ ರೋಗ ಬಂದಿತು. ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುವ ಈ ರೋಗಕ್ಕೆ ಆಗ ತಕ್ಕ ಔಷಧವಿರಲಿಲ್ಲ. ಜನರು ಗಂಟುಮೂಟೆ ಕಟ್ಟಿ ನಗರ ಬಿಟ್ಟು ಓಡಿದರು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ವಾಸಿಸುವ ಬಡ ಕೆಲಸಗಾರರೇ ರೋಗಕ್ಕೆ ಹೆಚ್ಚು ಬಲಿಯಾದರು. ಲೋಖಂಡೆಯವರು ಓಡಲಿಲ್ಲ. ರೋಗಿಗಳಿಗಾಗಿ ಆಸ್ಪತ್ರೆಯ ವ್ಯವಸ್ಥೆ ಮಾಡಿ ಅವರ ಸೇವೆಗೆ ನಿಂತರು. ಕೊನೆಗೆ ಆ ರೋಗವೇ ಅವರನ್ನು ಹಿಡಿಯಿತು. 1897ರ ಫೆಬ್ರುವರಿ 9ರಂದು ಅವರು ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. ಒಂದು ತಿಂಗಳು ಕಳೆಯುತ್ತಲೇ, ಪುಣೆಯಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆಯವರೂ ಅದೇ ರೋಗದಿಂದ ತೀರಿಕೊಂಡರು.

ಲೋಖಂಡೆಯವರು ಹಚ್ಚಿದ ದೀಪ ಆರಲಿಲ್ಲ. ಗಿರಣಿಯವರಿಗೆ ಸಿಕ್ಕ ರಜೆಯ ಹಕ್ಕು ಅಂಗಡಿಯವರಿಗೆ ಸಿಗಲು ಇನ್ನೂ ಬಹಳ ವರ್ಷ ಬೇಕಾಯಿತು. ಅಂಗಡಿ, ಕಚೇರಿ, ಹೋಟೆಲುಗಳ ಕೆಲಸಗಾರರು ಕಾರ್ಖಾನೆ ಕಾಯ್ದೆಯ ಹೊರಗೆ ಉಳಿದಿದ್ದರು. ಬಾಗಿಲು ತೆಗೆಯುವ ಮುನ್ನ ಬಂದು, ಕೊನೆಯ ಗಿರಾಕಿ ಹೋಗುವವರೆಗೆ ಅವರು ನಿಂತೇ ಇರಬೇಕಾಗಿತ್ತು. 1939ರಲ್ಲಿ ಮುಂಬಯಿ ಪ್ರಾಂತವು ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯನ್ನು ಮಾಡಿತು. ಭಾರತದಲ್ಲಿ ಇಂತಹ ಕಾಯ್ದೆ ಅದೇ ಮೊದಲು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಅದರ ಬದಲು ಇನ್ನೂ ವಿಸ್ತಾರವಾದ ಕಾಯ್ದೆ ಬಂದಿತು. 2017ರಲ್ಲಿ ಮಹಾರಾಷ್ಟ್ರವು ಮತ್ತೆ ಹೊಸ ಕಾಯ್ದೆ ಮಾಡಿತು. ಅದರಂತೆ ಅಂಗಡಿಯನ್ನು ವಾರದ ಏಳು ದಿನವೂ ತೆರೆದಿಡಬಹುದು. ಆದರೆ ಕೆಲಸಗಾರರಿಗೆ ಸರದಿಯ ಮೇಲೆ ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಅಂಗಡಿಗೆ ಬಿಡುವಿಲ್ಲದಿದ್ದರೂ ಮನುಷ್ಯನಿಗೆ ಬಿಡುವಿರಬೇಕು ಎಂಬುದು ಇದರ ತಾತ್ಪರ್ಯ. ಕಡಿಮೆ ಕೆಲಸಗಾರರಿರುವ ಚಿಕ್ಕ ಅಂಗಡಿಗಳಿಗೆ ಮಾತ್ರ ಇದರ ಹೆಚ್ಚಿನ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ಮಾಲೀಕರ ಒಳ್ಳೆಯ ಮನಸ್ಸೇ ಕಾಯ್ದೆಯ ಕೆಲಸ ಮಾಡಬೇಕು.

ಮಕ್ಕಳ ವಿಷಯದಲ್ಲಿಯೂ ಕಾಲ ಬದಲಾಗಿದೆ. 2016ರಲ್ಲಿ ಕಾನೂನಿಗೆ ತಂದ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಅಂಗಡಿ, ಹೋಟೆಲು, ಕಾರ್ಖಾನೆ ಎಲ್ಲಿಯೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ಒಂದಿಷ್ಟು ಕೈ ಜೋಡಿಸುವುದು ಬೇರೆ ಮಾತು. ಒಂದು ಕಾಲದಲ್ಲಿ ಏಳು ವರ್ಷದ ಮಗು ಗಿರಣಿಗೆ ಹೋಗುತ್ತಿತ್ತು. ಇಂದು ಆ ವಯಸ್ಸಿನ ಮಗು ಶಾಲೆಯಲ್ಲಿರಬೇಕು ಎಂದು ಕಾನೂನೇ ಹೇಳುತ್ತದೆ. ಈ ಎರಡರ ನಡುವೆ ಎಷ್ಟು ಜನರ ಶ್ರಮವಿದೆ, ಯೋಚಿಸಿರಿ.

2005ರಲ್ಲಿ ಭಾರತ ಸರಕಾರವು ಲೋಖಂಡೆಯವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರತಂದಿತು. ಮುಂಬಯಿಯ ಪರಳ ಭಾಗದಲ್ಲಿರುವ ಮಹಾರಾಷ್ಟ್ರದ ಕಾರ್ಮಿಕ ಅಧ್ಯಯನ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ಮರಾಠಿಯಲ್ಲಿ ಲೋಖಂಡ ಎಂದರೆ ಕಬ್ಬಿಣ ಎಂಬುದು ನಿಮಗೆ ಗೊತ್ತು. ಅವರ ನಿಶ್ಚಯವೂ ಕಬ್ಬಿಣದಂತೆ ಗಟ್ಟಿಯಾಗಿತ್ತು. ಆದರೆ ಮನಸ್ಸು ಮಾತ್ರ ಬೆಣ್ಣೆಯಂತೆ ಮೃದುವಾಗಿತ್ತು.

ಮಕ್ಕಳೇ, ಮುಂದೆ ನೀವೂ ದೊಡ್ಡವರಾಗುವಿರಿ. ನಿಮ್ಮಲ್ಲಿ ಕೆಲವರು ನೌಕರಿ ಮಾಡುವಿರಿ. ಕೆಲವರು ಅಂಗಡಿ, ಕಾರ್ಖಾನೆ ನಡೆಸಿ ನಾಲ್ಕು ಜನರಿಗೆ ಕೆಲಸ ಕೊಡುವಿರಿ. ಕೆಲಸ ಮಾಡುವವರಾದರೆ ನಿಷ್ಠೆಯಿಂದ ದುಡಿಯಿರಿ, ನಿಮ್ಮ ಹಕ್ಕುಗಳನ್ನೂ ತಿಳಿದುಕೊಳ್ಳಿರಿ. ಕೆಲಸ ಕೊಡುವವರಾದರೆ, ನಿಮ್ಮ ಎದುರು ನಿಂತವರಿಗೂ ದಣಿವಾಗುತ್ತದೆ, ಅವರಿಗೂ ಮನೆ ಮಕ್ಕಳಿದ್ದಾರೆ ಎಂಬುದನ್ನು ಮರೆಯದಿರಿ. ಲೋಖಂಡೆಯವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.